ಹದಿನಾಲ್ಕು ಮನೆಯ ನೋಟಿಸು

ಕದರಮಂಡಲಗಿಯಲ್ಲಿ ಬಸ್ಸಿಳಿದ ಮಾಲತೇಶಪ್ಪ ರಸ್ತೆಯ ಬದಿಗೆ ಸರಿದು ನಿಂತು ಚೀಲದಲ್ಲಿದ್ದ ಲಕೋಟೆಗಳನ್ನು ಎಣಿಸಿದ. ಬ್ಯಾಡಗಿಯಲ್ಲಿ ಎರಡು ಕೊಟ್ಟಾಗಿತ್ತು. ಉಳಿದದ್ದು ಹನ್ನೆರಡಿರಬೇಕು, ಹನ್ನೆರಡಿದ್ದವು. ಬಸ್ಸು ಹೋಗುವ ದಾರಿಯ ಕ್ರಮದಲ್ಲೇ ಅವನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದ್ದ. ಈ ಭಾನುವಾರ ಕದರಮಂಡಲಗಿ, ರಾಣೆಬೆನ್ನೂರು, ಕುಪ್ಪೇಲೂರು. ಮುಂದಿನ ಭಾನುವಾರ ಹಾವೇರಿ, ಕೊನೆಗೆ ಅಗಡಿ. ಲಕೋಟೆಗಳ ಜೊತೆಗೆ ಕಂದು ಕಾಗದದ ಹೊದಿಕೆ ಹಾಕಿದ ಉದ್ದನೆಯ ರಜಿಸ್ಟರು, ಎರಡು ಪೆನ್ನು. ಸಹಿ ಮಾಡಬೇಕಾದವರ ಮನೆಯಲ್ಲಿ ಪೆನ್ನು ಸಿಗುವುದಿಲ್ಲ, ಕೊಟ್ಟ ಪೆನ್ನು ಮರಳಿ ಬರುವುದಿಲ್ಲ. ಒಂಬತ್ತು ವರ್ಷದಲ್ಲಿ ಅವನು ಕಲಿತದ್ದು ಇದು.

ಅಂದು 2007ರ ಮಾರ್ಚ್ ಹನ್ನೊಂದು. ಬಸ್ಸಿನಲ್ಲಿ ಕಂಡಕ್ಟರ್ ಲಕೋಟೆಯ ಮೇಲಿನ ಮೊಹರನ್ನು ಓದಿ, "ಔದ್ಯೋಗಿಕ ಮನೋವಿಜ್ಞಾನಿಗಳ ಸಂಘ ಅಂದ್ರ ಏನ್ರೀ ಯಜಮಾನ್ರ? ಹುಚ್ಚರ ಡಾಕ್ಟರ್ರ?" ಎಂದು ಕೇಳಿದ್ದ.

"ಅಲ್ಲಪಾ. ಕೆಲಸಕ್ಕ ಹೋಗೂ ಶ್ಯಾಣ್ಯಾರ ಕಡೆ ನೋಡವ್ರು."

"ಹಂಗಾರ ನಮ್ಮ ಡಿಪೋದಾಗ ನಿಮಗ ಗಿರಾಕಿ ಸಿಗೂದಿಲ್ಲ ಬಿಡ್ರಿ," ಎಂದು ಕಂಡಕ್ಟರ್ ಮುಂದೆ ಹೋಗಿದ್ದ. ಮಾಲತೇಶಪ್ಪನಿಗೆ ಅದು ಆ ವಾರದ ಮೊದಲ ನಗು.

ಸಂಘ ಹುಟ್ಟಿದ್ದು 1998ರಲ್ಲಿ, ಹಾವೇರಿ ಹೊಸ ಜಿಲ್ಲೆಯಾದ ಮರುವರ್ಷ. ಗಿರಣಿ, ಬೀಜದ ಕಂಪನಿ, ಬಸ್ ಡಿಪೋ, ಬ್ಯಾಂಕಿನ ತರಬೇತಿ ಕೇಂದ್ರಗಳಲ್ಲಿ ಜನ ಯಾಕೆ ಕೆಲಸ ಬಿಡುತ್ತಾರೆ, ಯಾರನ್ನು ಯಾವ ಕೆಲಸಕ್ಕೆ ಹಚ್ಚಬೇಕು, ಪಾಳಿ ಬದಲಾದರೆ ಮನುಷ್ಯ ಯಾಕೆ ಸಿಡುಕುತ್ತಾನೆ ಎಂದು ನೋಡುವವರು ಕೆಲವರಿದ್ದರು. ಮನಶ್ಶಾಸ್ತ್ರ ಕಲಿಸುವ ಅಧ್ಯಾಪಕರು ಕೆಲವರು ಸೇರಿಕೊಂಡರು. ಒಟ್ಟು ಹದಿನೈದು ಸದಸ್ಯರು. ಮೊದಲ ದಿನದಿಂದ ಕಾರ್ಯದರ್ಶಿ ಮಾಲತೇಶಪ್ಪ. ಆಗ ಅವನು ರಾಣೆಬೆನ್ನೂರಿನ ಒಂದು ನೂಲಿನ ಗಿರಣಿಯಲ್ಲಿ ಕಾರ್ಮಿಕ ಕಲ್ಯಾಣ ಅಧಿಕಾರಿ.

ಮೊದಲ ವರ್ಷ ವಾರ್ಷಿಕ ಸಭೆಯ ನೋಟಿಸನ್ನು ಅಂಚೆಯಲ್ಲಿ ಕಳಿಸಿದ್ದರು. ಒಬ್ಬ ಸದಸ್ಯನಿಗೆ ಅದು ಸಭೆ ಮುಗಿದ ಮೂರನೆಯ ದಿನಕ್ಕೆ ಮುಟ್ಟಿತು. ಆತ ರಜಿಸ್ಟ್ರಾರರಿಗೆ ತಕರಾರು ಬರೆದ, ಸಭೆಯನ್ನು ಮತ್ತೆ ಕರೆಯಬೇಕಾಯಿತು. ಆಗ ಮಾಲತೇಶಪ್ಪ ಕೂತು ಹನ್ನೊಂದನೆಯ ನಿಯಮ ಬರೆದ. ವಾರ್ಷಿಕ ಸಭೆಯ ನೋಟಿಸು ಇಪ್ಪತ್ತೊಂದು ದಿನ ಮುಂಚಿತವಾಗಿ ಪ್ರತಿ ಸದಸ್ಯನ ಕೈಗೆ ಖುದ್ದಾಗಿ ಮುಟ್ಟಬೇಕು, ಮುಟ್ಟಿದ್ದಕ್ಕೆ ಸಹಿ ಪಡೆಯಬೇಕು, ಒಂದು ಸಹಿ ಕಡಿಮೆಯಾದರೂ ಸಭೆ ಸಿಂಧುವಲ್ಲ. ತಕರಾರು ಮಾಡಿದವನು ಮರುವರ್ಷವೇ ಬೇರೆ ಊರಿಗೆ ವರ್ಗವಾಗಿ ಹೋದ. ನಿಯಮ ಉಳಿಯಿತು.

ಕದರಮಂಡಲಗಿಯಲ್ಲಿ ಅಧ್ಯಾಪಕ ಹುಲಿಗೇಶನ ಮನೆ. ಹುಲಿಗೇಶ ಸಹಿ ಮಾಡುತ್ತಿರುವಾಗ ಮಾಲತೇಶಪ್ಪ ಕೇಳಿದ, "ಪ್ರಿಯಾಂಕಾಗ ಗಣಿತ ಈಗ ಹ್ಯಾಂಗೈತಿ? ಹೋದ ವರ್ಷ ಒಂಬತ್ತನೇತ್ತಾದಾಗ ಅಳತಿದ್ಲಲ್ಲ."

"ನಿಮಗ ಅದೂ ನೆನಪೈತೇನ್ರೀ," ಎಂದ ಹುಲಿಗೇಶ. "ಈ ಸಲ ಹತ್ತನೇತ್ತ. ಅಕಿ ಅಳೂದು ಬಿಟ್ಟಾಳ, ಈಗ ನಾನು ಅಳಾಕತ್ತೇನಿ."

ಒಳಗಿಂದ ಮಂಡಕ್ಕಿ, ಚಹಾ ಬಂದವು. ಮಗಳು ಬಾಗಿಲಲ್ಲಿ ಇಣುಕಿ, "ಅಜ್ಜಾರ, ಈ ಸಲ ನಾ ಪಾಸ್ ಆಗ್ತೇನ್ರಿ, ಮುಂದಿನ ವರ್ಷ ಬಂದು ಕೇಳ್ರಿ" ಎಂದು ಹೇಳಿ ಹೋದಳು. ಮಾಲತೇಶಪ್ಪ ತಲೆಯಾಡಿಸಿದ. ಅವನು ಅಂದು ಹಂಚುತ್ತಿದ್ದ ನೋಟಿಸಿನ ಮೂರನೆಯ ವಿಷಯ ಹೀಗಿತ್ತು: ನಿಯಮ ಹನ್ನೊಂದರ ತಿದ್ದುಪಡಿ. ಇನ್ನು ಮುಂದೆ ಸಭೆಯ ನೋಟಿಸನ್ನು ಮೊಬೈಲ್ ಸಂದೇಶ ಅಥವಾ ಈ-ಮೇಲ್ ಮೂಲಕ ಕಳಿಸುವುದು.

ಬ್ಯಾಡಗಿಯಲ್ಲಿ ಅವನ ಮನೆ ಮೆಣಸಿನಕಾಯಿ ಪೇಟೆಗೆ ಎರಡು ಓಣಿ ಹಿಂದೆ. ಜನವರಿಯಿಂದ ಮೇ ತನಕ ಓಣಿಯಲ್ಲಿ ಸೀನದೆ ನಡೆಯುವವರು ಹೊರಗಿನವರಲ್ಲ ಎಂದು ಗೊತ್ತಾಗುತ್ತದೆ. ಎರಡು ಕೋಣೆ, ಒಂದು ಹಿತ್ತಲು. ತಾಯಿ ಮೈಲವ್ವ ಇದ್ದಷ್ಟು ದಿನ ಅವನು ದಿನಾ ರಾಣೆಬೆನ್ನೂರಿಗೆ ಹೋಗಿ ಬರುತ್ತಿದ್ದ. ಮದುವೆಯ ಮಾತು ಮೂರು ಸಲ ಬಂದು ಮೂರು ಸಲ ಯಾವುದೋ ಸಣ್ಣ ಕಾರಣಕ್ಕೆ ಹಿಂದೆ ಹೋಯಿತು. ನಾಲ್ಕನೆಯ ಸಲ ಬರಲಿಲ್ಲ. 2003ರಲ್ಲಿ ಗಿರಣಿ ಸ್ವಯಂ ನಿವೃತ್ತಿ ಕೊಟ್ಟಿತು, 2004ರಲ್ಲಿ ಮೈಲವ್ವ ತೀರಿಕೊಂಡಳು. ಆಮೇಲೆ ಮನೆಯಲ್ಲಿ ಮಾತಾಡುವ ಪ್ರಸಂಗ ಕಡಿಮೆಯಾಯಿತು. ಸೋಮವಾರ ಕಿರಾಣಿ ಅಂಗಡಿಯಲ್ಲಿ "ಕಾಲ ಕಿಲೋ ತೊಗರಿಬ್ಯಾಳಿ" ಅಂದದ್ದು ಬಿಟ್ಟರೆ ಗುರುವಾರದವರೆಗೆ ಅವನ ಬಾಯಿಂದ ಒಂದು ಮಾತೂ ಹೊರಡದ ವಾರಗಳಿದ್ದವು.

ಇದು ಅವನಿಗೆ ತಿಳಿಯದ ಸಂಗತಿಯೇನಲ್ಲ. ಗಿರಣಿಯ ಕಾರ್ಮಿಕರಿಗಾಗಿ ಅವನೇ ಮಾಡಿದ ಪ್ರಶ್ನಾವಳಿಯಲ್ಲಿ ಹದಿನೇಳನೆಯ ಪ್ರಶ್ನೆ ಇದೇ ಆಗಿತ್ತು: ಕಳೆದ ಒಂದು ವಾರದಲ್ಲಿ ಕೆಲಸಕ್ಕೆ ಸಂಬಂಧವಿಲ್ಲದ ಮಾತನ್ನು ಎಷ್ಟು ಜನರೊಂದಿಗೆ ಆಡಿದಿರಿ? ಮೂರಕ್ಕಿಂತ ಕಡಿಮೆ ಬರೆದವರ ಹೆಸರಿನ ಮುಂದೆ ಅವನು ಕೆಂಪು ಗೆರೆ ಎಳೆದು, ಆ ವಾರವೇ ಅವರನ್ನು ಕರೆಸಿ ಕೂಡಿಸಿಕೊಂಡು ಮಾತಾಡುತ್ತಿದ್ದ.

ಹದಿನಾಲ್ಕು ಲಕೋಟೆ, ಹದಿನಾಲ್ಕು ಮನೆ. ವರ್ಷಕ್ಕೆ ಎರಡು ಭಾನುವಾರ ಅವನು ಇಂಥವರ ಮನೆಗೆ ಇಂಥ ಹೊತ್ತಿಗೆ ಬರಬೇಕಾದ ಮನುಷ್ಯನಾಗಿರುತ್ತಿದ್ದ. ಕರೆಯದೆ ಹೋದರೂ ಯಾಕೆ ಬಂದೆ ಎಂದು ಯಾರೂ ಕೇಳುವಂತಿರಲಿಲ್ಲ. ನಿಯಮವಿತ್ತು.

ನಿಯಮಕ್ಕೆ ಕುತ್ತು ಬಂದದ್ದು ಅವನ ಮೇಲಿನ ಪ್ರೀತಿಯಿಂದ. ಜನವರಿಯಲ್ಲಿ ಸಂಘ ಮುಂದಿನ ಐದು ವರ್ಷಕ್ಕೆ ಯೋಜನೆ ಮಾಡಲು ಒಂದು ಸಮಿತಿ ನೇಮಿಸಿತು. ಸಂಚಾಲಕಿ ದೀಪಾಲಿ, ಹಾವೇರಿಯ ಬ್ಯಾಂಕ್ ತರಬೇತಿ ಕೇಂದ್ರದವಳು, ಮೂವತ್ತೆರಡರ ಚುರುಕಿನ ಹೆಣ್ಣುಮಗಳು. ಕಂಪನಿಗಳಿಗೆ ನಾವು ಹೇಳುವುದನ್ನು ಮೊದಲು ನಮ್ಮ ಮೇಲೆ ಪ್ರಯೋಗಿಸೋಣ ಎಂದಳು ಅವಳು. ಪದಾಧಿಕಾರಿಗಳ ಕೆಲಸದ ವಿಶ್ಲೇಷಣೆ ಆಗಬೇಕು, ಯಾರ ಮೇಲೆ ಎಷ್ಟು ಹೊರೆ ಎಂದು ತಿಳಿಯಬೇಕು. ಅದಕ್ಕೆ ಒಂದು ನಮೂನೆ ಬೇಕಿತ್ತು. 1996ರಲ್ಲಿ ಮಾಲತೇಶಪ್ಪ ಗಿರಣಿಗಾಗಿ ಮಾಡಿದ ನಮೂನೆಯನ್ನೇ ತೆಗೆದುಕೊಂಡರು. ನಾಲ್ಕು ಅಂಕಣ: ಕೆಲಸ ಯಾವುದು, ಎಷ್ಟು ಹೊತ್ತು, ಎಷ್ಟು ಓಡಾಟ, ಮೈಗೆ ಆಗುವ ತ್ರಾಸು.

ಅವನು ಪ್ರಾಮಾಣಿಕವಾಗಿ ತುಂಬಿದ. ನೋಟಿಸು ಮುಟ್ಟಿಸುವುದು: ಮೂವತ್ತೊಂದು ತಾಸು, ಹನ್ನೊಂದು ಬಸ್ಸು, ಬಲ ಮೊಣಕಾಲು ನೋವು. ಐದನೆಯ ಅಂಕಣ ಇರಲಿಲ್ಲ. ಮಾಡುವವನಿಗೆ ಆ ಕೆಲಸ ಬೇಕೋ ಬೇಡವೋ ಎಂದು ಕೇಳುವ ಅಂಕಣವನ್ನು ಹನ್ನೊಂದು ವರ್ಷದ ಹಿಂದೆ ಅವನೇ ಹಾಕಿರಲಿಲ್ಲ. ನೂಲಿನ ಗಿರಣಿಯಲ್ಲಿ ಅದನ್ನು ಕೇಳುವುದರಲ್ಲಿ ಅರ್ಥವಿಲ್ಲ ಎಂದು ಆಗ ಅನ್ನಿಸಿತ್ತು.

ಫೆಬ್ರುವರಿಯಲ್ಲಿ ವರದಿ ಬಂತು. ಅದರ ಮೊದಲ ಶಿಫಾರಸು: ಕಾರ್ಯದರ್ಶಿಗಳ ವಯಸ್ಸು, ಆರೋಗ್ಯ ಪರಿಗಣಿಸಿ ಖುದ್ದು ನೋಟಿಸಿನ ಪದ್ಧತಿಯನ್ನು ಕೈಬಿಡತಕ್ಕದ್ದು.

ರಾಣೆಬೆನ್ನೂರಿನಲ್ಲಿ ಐದು ಮನೆ. ಕೊನೆಯದು ಅಧ್ಯಕ್ಷ ವಿಕ್ರಮನದು. ಒಂದು ಬೀಜದ ಕಂಪನಿಯ ಸಿಬ್ಬಂದಿ ವಿಭಾಗದ ಮುಖ್ಯಸ್ಥ, ನಲವತ್ತರ ಆಸುಪಾಸು. ಹೊಸದಾಗಿ ಕೆಲಸಕ್ಕೆ ಸೇರಿದಾಗ ಸಂಘದ ತರಬೇತಿಯಲ್ಲಿ ಮಾಲತೇಶಪ್ಪನ ಮುಂದೆ ಕೂತು ಕಲಿತವನು. ಅವನ ಹೆಂಡತಿ ತಟ್ಟೆಯಲ್ಲಿ ಅವಲಕ್ಕಿ ಇಟ್ಟು ಹೋದಳು. ವಿಕ್ರಮ ಸಹಿ ಮಾಡಿದ. ಮಾಲತೇಶಪ್ಪ ರಜಿಸ್ಟರು ಮುಚ್ಚಲಿಲ್ಲ.

"ಮೂರನೇ ವಿಷಯಾ ಐತಲ್ರಿ," ಎಂದ. "ಅದನ್ನ ಬಿಡಾಕ ನನಗ ಮನಸ್ಸ ಆಗವಲ್ದು."

ವಿಕ್ರಮ ಕೈಯಲ್ಲಿದ್ದ ಪೇಪರ್ ಕೆಳಗಿಟ್ಟು, ಸ್ವಲ್ಪ ಮುಂದೆ ಬಾಗಿ, ಅವನ ಮುಖ ನೋಡಿದ. "ಅಂದ್ರ, ಇದನ್ನ ಬಿಡೂದು ನಿಮಗ ಕಷ್ಟ ಅನಸ್ಲಿಕ್ಕತ್ತದ, ಸರ್."

"ಹೌದ್ರಿ. ಭಾಳ ವರ್ಷ ಮಾಡೇನಿ."

"ಭಾಳ ವರ್ಷ ಮಾಡಿದ್ದು ಒಮ್ಮೆಲೆ ಇಲ್ಲಾ ಅಂದ್ರ, ಏನೋ ಖಾಲಿ ಆಧಂಗ."

ಎದುರಿನವನ ಮಾತನ್ನು ಅವನಿಗೇ ತಿರುಗಿಸಿ ಹೇಳಬೇಕು, ಸಲಹೆ ಕೊಡಬಾರದು, ಮುಂದೆ ಬಾಗಿ ಕೂಡಬೇಕು. ಇದೇ ಊರಿನಲ್ಲಿ, ಗಿರಣಿಯ ಕ್ಯಾಂಟೀನಿನ ಮಾಳಿಗೆಯಲ್ಲಿ, ಮಾಲತೇಶಪ್ಪನೇ ಇದನ್ನು ಕಲಿಸಿದ್ದ. ವಿಕ್ರಮ ಒಂದಕ್ಷರ ತಪ್ಪದೆ ಒಪ್ಪಿಸುತ್ತಿದ್ದ. ಹೀಗೆ ಕೇಳಿಸಿಕೊಂಡರೆ ಜನ ಹಗುರಾಗುತ್ತಾರೆ ಎಂದು ಮಾಲತೇಶಪ್ಪ ಅಂದು ಹೇಳಿದ್ದ. ತಿರುಗಿ ಬಂದ ತನ್ನ ಮಾತನ್ನು ಈಗ ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.

"ನೀವು ನಮ್ಮ ಸಲುವಾಗಿ ಸಾಕಷ್ಟು ತಿರಗ್ಯಾಡೀರಿ, ಸರ್. ಇನ್ನ ಆರಾಮ ತಗೋರಿ," ಎಂದು ವಿಕ್ರಮ ಬಾಗಿಲ ತನಕ ಬಂದು ಬೀಳ್ಕೊಟ್ಟ.

ಮುಂದಿನ ಭಾನುವಾರ, ಯುಗಾದಿಗೆ ಒಂದೆರಡು ದಿನ ಮುಂಚೆ, ಹಾವೇರಿ. ಬಸ್ ಡಿಪೋದಲ್ಲಿ ಚಾಲಕರಿಗೆ ಸಲಹೆಗಾರನಾಗಿದ್ದ ಯೂಸುಫಸಾಬ ಅಂಗಳದಲ್ಲೇ ಕೂಗಿದ, "ಸೆಕ್ರೆಟ್ರಿ ಸಾಹೇಬ್ರು ಬಂದ್ರಂದ್ರ ಯುಗಾದಿ ಬಂತಂತ ತಿಳೀಬೇಕ್ ನೋಡ್ರಿ. ಮುಂದಿನ ವರ್ಷ ನಮಗ ಕ್ಯಾಲೆಂಡರ್ ತರೂದ ಆತು." ಹೆಂಡತಿ ಜೈತೂನಬಿ ಒಳಗಿಂದ, "ಕುಂದ್ರಸ್ರಿ ಮೊದ್ಲ ಅವ್ರನ್ನ" ಎಂದಳು. ಯೂಸುಫಸಾಬ ಸಹಿ ಮಾಡಿದ, ಮೂರನೆಯ ವಿಷಯ ಒಳ್ಳೆಯದೇ ಎಂದ, ಮೊಣಕಾಲಿಗೆ ಯಾವುದೋ ಎಣ್ಣೆಯ ಹೆಸರು ಹೇಳಿದ.

ಹಾವೇರಿಯ ನಾಲ್ಕನೆಯ ಮನೆ ಗೋದೂಬಾಯಿಯವರದು. ಸಂಘದ ಮೊದಲ ಅಧ್ಯಕ್ಷೆ, ಎಪ್ಪತ್ತೊಂದು ವರ್ಷ. ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾದವರು, ಒಬ್ಬರೇ ಇರುತ್ತಾರೆ. ಅವರು ನೋಟಿಸನ್ನು ತಲೆಬರಹದಿಂದ ಹಿಡಿದು ಸಹಿಯ ತನಕ ಓದದೆ ಪೆನ್ನು ಮುಟ್ಟುವುದಿಲ್ಲ.

"ಈ ಮೂರನೇದು ಯಾರ ಬುದ್ಧಿ ಮಾಲತೇಶ?"

"ಸಮಿತೀದ್ರಿ, ಬಾಯಾರ."

"ಬರೆದ ಕೈ ನಿಂದ ಅದ."

"ಸೆಕ್ರೆಟ್ರಿ ನಾನ ಅಲ್ಲೇನ್ರಿ? ನಾನ ಬರೀಬೇಕು."

ಗೋದೂಬಾಯಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮೇಜಿನ ಮೇಲೆ ಎರಡು ಬಟ್ಟಲು ಆಗಲೇ ಇದ್ದವು. ಡಬ್ಬಿಯಲ್ಲಿ ಚಕ್ಕುಲಿ. ಇವತ್ತು ಬರುತ್ತೇನೆಂದು ತಾನು ಅವರಿಗೆ ಫೋನು ಮಾಡಿರಲಿಲ್ಲ ಎಂಬುದು ಮಾಲತೇಶಪ್ಪನಿಗೆ ಚಹಾ ಕುಡಿಯುವಾಗ ಹೊಳೆಯಿತು.

"ಸಭಾದಾಗ ಬಾಯಿ ಬಿಟ್ಟು ಹೇಳು," ಎಂದರು ಗೋದೂಬಾಯಿ.

"ಏನಂತ ಹೇಳ್ಲಿರಿ?"

"ಇದು ನನಗ ಬೇಕು ಅಂತ ಹೇಳು."

"ಹಂಗ ಹೇಳಿದ್ರ ಠರಾವಿನಾಗ ಬರ್ಯಾಕ ಬರೂದಿಲ್ರಿ. ಸಂಘಕ್ಕ ಬೇಕೋ ಬ್ಯಾಡೋ, ಅಷ್ಟ ಬರೀಬೇಕು."

"ಮೂವತ್ತು ವರ್ಷ ಮಂದೀಗೆ ಮನಸ್ಸು ಬಿಚ್ಚಿ ಮಾತಾಡ್ರಿ ಅಂತ ಹೇಳಿ ಪಗಾರ ತಗೊಂಡೀ," ಎಂದು ಹೇಳಿ ಗೋದೂಬಾಯಿ ಸಹಿ ಹಾಕಿದರು. ಇಂಗ್ಲಿಷಿನಲ್ಲಿ, ದಿನಾಂಕ ಸಮೇತ.

ಅಗಡಿಯಲ್ಲಿ ಅಜ್ಜಪ್ಪನ ಮನೆಗೆ ಬೀಗ ಬಿದ್ದಿತ್ತು. ನಿವೃತ್ತ ಅಧ್ಯಾಪಕ, ಹದಿನಾಲ್ಕನೆಯ ಸಹಿ ಅವನದು. ಪಕ್ಕದ ಮನೆಯ ದೇವವ್ವ ಕಟ್ಟೆಯ ಮೇಲೆ ಬೇಳೆ ಹಸನು ಮಾಡುತ್ತಿದ್ದಳು. "ಮಗಳ ಊರಿಗೆ ಹೋಗ್ಯಾರ್ರಿ. ಬೇಸ್ತವಾರ ಬರ್ತಾರಂತ," ಎಂದಳು.

ಬೇಸ್ತವಾರ ಎಂದರೆ ಇಪ್ಪತ್ತೆರಡು. ಸಭೆ ಏಪ್ರಿಲ್ ಹದಿನೈದಕ್ಕೆ. ನೋಟಿಸಿನ ಗಡುವು ಮಾರ್ಚ್ ಇಪ್ಪತ್ತೈದರ ಭಾನುವಾರ.

ತಿರುಗಿ ಹೋಗುವಾಗ ಬಸ್ಸಿನಲ್ಲಿ ಅವನಿಗೆ ಸಂಗತಿ ನಿಚ್ಚಳವಾಯಿತು. ಏನೂ ಮಾಡಬೇಕಾಗಿಲ್ಲ. ಅಗಡಿಗೆ ಇನ್ನೊಮ್ಮೆ ಬರದಿದ್ದರೆ ಸಾಕು. ಹದಿಮೂರು ಸಹಿಯಾದರೆ ಸಭೆ ಸಿಂಧುವಲ್ಲ, ತಿದ್ದುಪಡಿಯೂ ಇಲ್ಲ. ಸಭೆಯನ್ನು ಹೊಸದಾಗಿ ಕರೆಯಬೇಕಾದರೆ ಹೊಸ ನೋಟಿಸು, ಮತ್ತೆ ಹದಿನಾಲ್ಕು ಮನೆ. ಹೋಗಿದ್ದೆ, ಬೀಗ ಇತ್ತು, ದೇವವ್ವ ಸಾಕ್ಷಿ. ಯಾರೂ ಅವನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ಮೊಣಕಾಲಿನ ವಿಷಯ ವರದಿಯಲ್ಲೇ ಇತ್ತು.

ಗುರುವಾರ ಅವನು ಮನೆಯಲ್ಲೇ ಉಳಿದ. ಅಕ್ಕಿ ಆರಿಸಿದ, ಹಿತ್ತಲಿನ ತೊಟ್ಟಿ ತೊಳೆದ. ಶುಕ್ರವಾರವೂ ಹೋಗಲಿಲ್ಲ. ಶುಕ್ರವಾರ ಸಂಜೆಯ ತನಕ ಅವನೊಂದಿಗೆ ಮಾತಾಡಿದ್ದು ಹಾಲಿನವಳು ಒಬ್ಬಳೇ, ಅದೂ ಪಾತ್ರೆ ತರಲು ಹೇಳಿದ್ದು. ಶನಿವಾರ ಬೆಳಿಗ್ಗೆ ಎದ್ದು ಚೀಲ ತೆಗೆದು ನೋಡಿದ. ಒಂದು ಲಕೋಟೆ, ಅಜ್ಜಪ್ಪನ ಹೆಸರು. ನಿಯಮ ಉಳಿಸಬೇಕೆಂದರೆ ಈ ಮನೆಯನ್ನು ಬಿಡಬೇಕು. ಅಜ್ಜಪ್ಪನ ಮಗಳಿಗೆ ಡಿಸೆಂಬರಿನಲ್ಲಿ ಹೆರಿಗೆಯಾಗಿತ್ತು ಎಂದು ಯಾರೋ ಹೇಳಿದ್ದರು. ಗಂಡೋ ಹೆಣ್ಣೋ ಕೇಳಿರಲಿಲ್ಲ.

ಹತ್ತೂಕಾಲಿಗೆ ಅವನು ಅಗಡಿಯಲ್ಲಿದ್ದ. ಹೆಣ್ಣು ಕೂಸು. ಅಜ್ಜಪ್ಪ ಫೋಟೋ ತೋರಿಸಿದ, ಪೇಢೆ ಕೊಟ್ಟ, ರಜಿಸ್ಟರಿನ ಹದಿನಾಲ್ಕನೆಯ ಸಾಲಿನಲ್ಲಿ ಸಹಿ ಮಾಡಿದ.

ಸಭೆ ನಡೆದದ್ದು ರಾಣೆಬೆನ್ನೂರಿನಲ್ಲಿ, ವಿಕ್ರಮನ ಕಂಪನಿಯ ತರಬೇತಿ ಕೋಣೆಯಲ್ಲಿ. ಹದಿಮೂರು ಜನ ಬಂದಿದ್ದರು. ಮೂರನೆಯ ವಿಷಯಕ್ಕೆ ಬಂದಾಗ ದೀಪಾಲಿ ಎದ್ದು ನಿಂತು ವರದಿ ಓದಿದಳು. ಮೂವತ್ತೊಂದು ತಾಸು, ಹನ್ನೊಂದು ಬಸ್ಸು ಎಂದಾಗ ಯಾರೋ ಲೊಚಗುಟ್ಟಿದರು. "ನಮ್ಮ ಮನೀಗೆ ಬಂದಾಗೆಲ್ಲಾ ಸರ್ ಮೆಟ್ಲ ಹತ್ತೂದು ನೋಡಿದ್ರ ಕೆಟ್ಟ ಅನಸ್ತದ" ಎಂದಳು ದೀಪಾಲಿ. ಅವಳ ದನಿಯಲ್ಲಿ ಸುಳ್ಳಿರಲಿಲ್ಲ.

"ಕಾರ್ಯದರ್ಶಿಗಳ ಅಭಿಪ್ರಾಯ ಏನದ?" ಎಂದು ವಿಕ್ರಮ ಕೇಳಿದ.

ಹನ್ನೆರಡು ಮುಖ ಅವನತ್ತ ತಿರುಗಿದವು. ಎಲ್ಲರೂ ಕೇಳಿಸಿಕೊಳ್ಳುವುದನ್ನೇ ಉದ್ಯೋಗ ಮಾಡಿಕೊಂಡವರು. ಗೋದೂಬಾಯಿ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಮಾಲತೇಶಪ್ಪ ಕರಡಿನ ಹಾಳೆ ಕೈಗೆತ್ತಿಕೊಂಡ.

"ಕರಡಿನಾಗ ಒಂದ ಸಾಲು ಬಿಟ್ಟೈತ್ರಿ," ಎಂದ. "ಮೊಬೈಲು, ಈ-ಮೇಲು ಎರಡೂ ಇಲ್ಲದ ಸದಸ್ಯರಿಗೆ ಏನ ಮಾಡೂದು ಅಂತ ಹೇಳಿಲ್ಲ."

"ಅಂಥವ್ರು ಯಾರಿದ್ದಾರ ಸರ್ ಈಗ?"

"ನಾ ಇದ್ದೀನಲ್ಲಾ," ಎಂದರು ಗೋದೂಬಾಯಿ.

"ನಿಮ್ಮ ಮನ್ಯಾಗ ಫೋನ್ ಅದಲ್ರಿ ಬಾಯಾರ," ಎಂದ ವಿಕ್ರಮ.

"ಫೋನಿನ ಮಾತಿಗೆ ಸಹಿ ಇರೂದಿಲ್ರಿ," ಎಂದ ಮಾಲತೇಶಪ್ಪ.

"ಒಂದು ಸಣ್ಣ ಸೆಟ್ ನಾನ ತಂದು ಕೊಡ್ತೀನ್ರಿ ನಿಮಗ," ಎಂದಳು ದೀಪಾಲಿ.

"ಕೊಡು ಮಗಳ. ಜೋಡಿ ಅದನ್ನ ಒತ್ತವರನ್ನೂ ಕಳಸಿಕೊಡು."

ಎಲ್ಲರೂ ನಕ್ಕರು. ವಿಕ್ರಮನೂ ನಕ್ಕು, ಆಗಲಿ, ಒಂದು ಸಾಲು ಸೇರಿಸೋಣ ಎಂದ. ಅಂಥ ಸದಸ್ಯರಿಗೆ ಹಿಂದಿನಂತೆ ಖುದ್ದು ಮುಟ್ಟಿಸತಕ್ಕದ್ದು. ಮಾಲತೇಶಪ್ಪ ಅಲ್ಲೇ ಬರೆದುಕೊಂಡ. ವಿಕ್ರಮ ತಿದ್ದುಪಡಿಯನ್ನು ಮತಕ್ಕೆ ಹಾಕಿದ. ಪರವಾಗಿ ಹನ್ನೊಂದು ಕೈ. ವಿರೋಧವಾಗಿ ಒಂದು, ಗೋದೂಬಾಯಿಯವರದು.

"ಕಾರಣ ಹೇಳ್ತೀರೇನ್ರಿ ಬಾಯಾರ? ನಡಾವಳಿಯೊಳಗ ಬರಕೋತಾರ."

"ಕಾರಣ ಬ್ಯಾಡ. ವಿರೋಧ ಅಂತ ಬರದ್ರ ಸಾಕು."

ಹನ್ನೊಂದು, ಒಂದು. ಕೋಣೆಯಲ್ಲಿ ಹದಿಮೂರು ಜನ ಇದ್ದರು. ಹದಿಮೂರನೆಯ ಕೈ ಬರೆಯುತ್ತಿತ್ತು. ಯಾರೂ ಕೂಡಿಸಿ ನೋಡಲಿಲ್ಲ. ನಾಲ್ಕನೆಯ ವಿಷಯ ಊಟದ ಹೊತ್ತಿಗೆ ಮುಗಿಯಿತು.

ಮರುವರ್ಷ, 2008ರ ಮಾರ್ಚ್ ಹದಿನಾರರ ಬೆಳಿಗ್ಗೆ, ದೀಪಾಲಿ ತನ್ನ ಮೊಬೈಲಿನಿಂದ ಹದಿಮೂರು ಜನರಿಗೆ ಸಂದೇಶ ಕಳಿಸಿದಳು. ಬ್ಯಾಡಗಿಯಿಂದ ಹೊರಟ ಬಸ್ಸು ಮೋಟೆಬೆನ್ನೂರು ದಾಟುವಾಗ ಮಾಲತೇಶಪ್ಪನ ಅಂಗಿಯ ಜೇಬಿನಲ್ಲಿ ಅದು ಒಮ್ಮೆ ಸದ್ದು ಮಾಡಿತು. ಯೋಜನಾ ಸಮಿತಿ ಅವನಿಗೆ ಒಂದು ಮೊಬೈಲು ಕೊಡಿಸಿತ್ತು. ಓದಿದ. ಅವನೇ ಬರೆದುಕೊಟ್ಟ ಒಕ್ಕಣೆ. ಚೀಲದಲ್ಲಿ ಒಂದು ಲಕೋಟೆ, ರಜಿಸ್ಟರು, ಎರಡು ಪೆನ್ನು. ಕದರಮಂಡಲಗಿಯ ಹುಡುಗಿ ಪಾಸಾದಳೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಫೋನು ಮಾಡಿ ಕೇಳಬಹುದಿತ್ತು. ಫೋನು ಮಾಡಲು ಒಂದು ಕಾರಣ ಬೇಕಿತ್ತು.

ಗೋದೂಬಾಯಿ ಬಾಗಿಲು ತೆರೆದೇ ಇಟ್ಟಿದ್ದರು. ನೋಟಿಸನ್ನು ಪೂರ್ತಿ ಓದಿದರು. ಮನೆಯ ಗೋಡೆಗಳು ಬರಿದಾಗಿದ್ದವು, ಪುಸ್ತಕಗಳು ರಟ್ಟಿನ ಪೆಟ್ಟಿಗೆಯಲ್ಲಿದ್ದವು.

"ಜೂನದಾಗ ಪುಣೆಕ್ಕ ಹೋಗ್ಲಿಕ್ಕತ್ತೀನಿ," ಎಂದರು. "ತಂಗಿ ಕರೀಲಿಕ್ಕತ್ತಾಳ. ಅಕಿಗೂ ಯಾರಿಲ್ಲ."

ಮಾಲತೇಶಪ್ಪ ಬಟ್ಟಲು ಕೆಳಗಿಟ್ಟ. "ಸದಸ್ಯತ್ವಕ್ಕ ರಾಜೀನಾಮೆ ಬರದು ಕೊಡ್ತೀರೇನ್ರಿ?"

"ಯಾಕ ಕೊಡ್ಲಿ?"

"ಅಲ್ಲಿ ಮೊಬೈಲ್ ತಗೋತೀರಿ?"

"ಇಲ್ಲ," ಎಂದರು ಗೋದೂಬಾಯಿ. ಸಹಿ ಮಾಡಿ ರಜಿಸ್ಟರನ್ನು ಅವನತ್ತ ತಿರುಗಿಸಿದರು. ಆ ವರ್ಷದ ಪುಟದಲ್ಲಿ ಅದೊಂದೇ ಸಾಲಿತ್ತು. ಪೆನ್ನನ್ನು ಮರಳಿ ಕೊಟ್ಟರು.

ಜೂನಿನಲ್ಲಿ ಅವರು ಹೋದರು. ಮುಂದಿನ ವಾರ್ಷಿಕ ಸಭೆ 2009ರ ಏಪ್ರಿಲ್ ಹನ್ನೆರಡಕ್ಕೆ ಗೊತ್ತಾಯಿತು. ಜನವರಿಯ ಕೊನೆಯ ವಾರ ಮಾಲತೇಶಪ್ಪ ಹಾವೇರಿ ರೈಲು ನಿಲ್ದಾಣಕ್ಕೆ ಹೋಗಿ, ಸಾಲಿನಲ್ಲಿ ನಿಂತು, ಮಾರ್ಚ್ ಹದಿಮೂರಕ್ಕೆ ಹುಬ್ಬಳ್ಳಿಯಿಂದ ಪುಣೆಗೆ ಒಂದು ಸೀಟು ಕಾಯ್ದಿರಿಸಿದ.